ಮಕ್ಕಳು ದೊಡ್ಡವರಾಗುವ ಹೊತ್ತು: ಮನೆಯಲ್ಲಿ ಮಾತು ಶುರು ಮಾಡುವುದು ಹೇಗೆ?

ಮಗಳಿಗೆ ಮೊದಲ ಸಲ ಮುಟ್ಟಾದಾಗ ಎಷ್ಟೋ ಮನೆಗಳಲ್ಲಿ ಕೊಬ್ಬರಿ, ಬೆಲ್ಲ, ಚಿಗಳಿ ಕೊಡುತ್ತಾರೆ. ಆರತಿ ಎತ್ತುತ್ತಾರೆ. ಆದರೆ ಅದಕ್ಕೆ ಮುಂಚೆ ಹೀಗಾಗುತ್ತದೆ ಅಂತ ಆ ಮಗುವಿಗೆ ಯಾರಾದರೂ ಹೇಳಿರುತ್ತಾರಾ? ಶಾಲೆಯ ಶೌಚಾಲಯದಲ್ಲಿ ರಕ್ತ ನೋಡಿ ದೊಡ್ಡ ಕಾಯಿಲೆ ಬಂತೆಂದು ಹೆದರುವ ಹುಡುಗಿಯರು ಬೆಂಗಳೂರಿನಂಥ ಊರಲ್ಲೂ ಇದ್ದಾರೆ. ಹುಡುಗರಿಗಂತೂ ಆರತಿಯೂ ಇಲ್ಲ, ಮಾತೂ ಇಲ್ಲ.

ಮೊದಲು: ಬೇಗ ಶುರು ಮಾಡಿ

ಹುಡುಗಿಯರ ಮೈ ಬದಲಾಗಲು ಶುರುವಾಗುವುದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ. ಹುಡುಗರಲ್ಲಿ 9ರಿಂದ 14ರೊಳಗೆ. ಹಾಗಾಗಿ ನಾಲ್ಕನೇ ಕ್ಲಾಸಿನ ಹೊತ್ತಿಗೆ ಮೊದಲ ಮಾತು ಆಗಿರಬೇಕು. ಹೈಸ್ಕೂಲಿಗೆ ಬರಲಿ ಅಂತ ಕಾದರೆ, ಅಷ್ಟರಲ್ಲಿ ಮೊಬೈಲು ಎಲ್ಲವನ್ನೂ ತನಗೆ ತೋಚಿದ ಹಾಗೆ ಹೇಳಿ ಮುಗಿಸಿರುತ್ತದೆ.

ಎದುರಿಗೆ ಕೂರಿಸಿ ಪಾಠ ಮಾಡಬೇಡಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಬಟ್ಟೆ ಮಡಿಸುವಾಗ, ಅವರೆಕಾಯಿ ಸುಲಿಯುವಾಗ ಮಾತು ತೆಗೆಯಿರಿ. ಮುಖ ನೋಡುವ ಕಷ್ಟ ಇಲ್ಲದಿದ್ದರೆ ಇಬ್ಬರಿಗೂ ಹಗುರ. ಹೀಗೆ ಹೇಳಬಹುದು: "ಇನ್ನೊಂದೆರಡು ವರ್ಷದಲ್ಲಿ ನಿನಗೆ ಮುಟ್ಟು ಶುರುವಾಗಬಹುದು ಪುಟ್ಟಿ. ಗರ್ಭಕೋಶದ ಒಳಪದರ ರಕ್ತದ ಜೊತೆ ಹೊರಗೆ ಬರುತ್ತೆ. ಅದು ಗಾಯ ಅಲ್ಲ, ಕಾಯಿಲೆ ಅಲ್ಲ. ಶಾಲೆಯಲ್ಲಾದರೆ ಮಿಸ್‌ಗೆ ಹೇಳು, ನನಗೆ ಫೋನ್ ಮಾಡಿಸು." ಅವತ್ತೇ ಶಾಲೆಯ ಬ್ಯಾಗಿನಲ್ಲಿ ಎರಡು ಪ್ಯಾಡ್, ಒಂದು ಒಳಚಡ್ಡಿ ಇರುವ ಚಿಕ್ಕ ಪೌಚ್ ಇಟ್ಟುಬಿಡಿ.

ಮುಟ್ಟು ಶುರುವಾದ ಮೇಲೆ

ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದು ಸಹಜ. 21ರಿಂದ 45 ದಿನಕ್ಕೊಮ್ಮೆ ಬಂದರೂ ಗಾಬರಿ ಬೇಡ. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಕಲಿಸಿ. ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಕೆಂಪು ಡಬ್ಬಕ್ಕೆ ಹಾಕಲಿ. ಬೆಂಗಳೂರಿನಲ್ಲಿ ಕಸ ವಿಂಗಡಿಸುವ ಪದ್ಧತಿ ಇದು. ಬರಿಗೈಯಲ್ಲಿ ಕಸ ಮುಟ್ಟುವ ಪೌರಕಾರ್ಮಿಕರ ಬಗ್ಗೆಯೂ ಮಗುವಿಗೆ ಹೇಳಿ.

ಏಳು ದಿನಕ್ಕಿಂತ ಜಾಸ್ತಿ ರಕ್ತ ಹೋದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ಪೂರ್ತಿ ನೆನೆದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಿ. 15 ವರ್ಷವಾದರೂ ಮುಟ್ಟಾಗದಿದ್ದರೂ ಅಷ್ಟೇ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ನುಂಗಲು ಹೇಳಿ, ಊಟ ಆದ ಮೇಲೆ. ಸರ್ಕಾರಿ ಶಾಲೆಯಾದರೆ ಶುಚಿ ಯೋಜನೆಯ ಉಚಿತ ಪ್ಯಾಡ್ ಬರುತ್ತಿದೆಯಾ ಅಂತ ವಿಚಾರಿಸಿ.

ಮನೆಯ ಶಾಸ್ತ್ರ ಏನೇ ಇರಲಿ, ಆ ಮೂರು ದಿನ ಮಗಳನ್ನು ಮೂಲೆಯಲ್ಲಿ ಚಾಪೆ ಹಾಕಿ ಮಲಗಿಸಬೇಡಿ. ಮೈಲಿಗೆ ಅನ್ನುವ ಮಾತನ್ನು ಮಗು ಜೀವನಪೂರ್ತಿ ತನ್ನ ಮೈಮೇಲೆ ಹೊತ್ತುಕೊಳ್ಳುತ್ತದೆ.

ಮಗನ ಜೊತೆಗೂ ಕೂರಿ

ಇಲ್ಲಿ ನಾವು ತುಂಬ ಹಿಂದೆ ಇದ್ದೇವೆ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗುವುದು, ಅಂದರೆ ಸ್ವಪ್ನಸ್ಖಲನ, ಸಹಜ ಅಂತ ಹೇಳುವವರಿಲ್ಲದೆ ಎಷ್ಟೋ ಹುಡುಗರು ತಮಗೇನೋ ರೋಗ ಬಂತೆಂದು ಕೊರಗುತ್ತಾರೆ. ಹಸ್ತಮೈಥುನದಿಂದ ಶಕ್ತಿ ಹೋಗುತ್ತದೆ, ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಬೇಕು, ಇವೆಲ್ಲ ಸುಳ್ಳು. ಈ ಹೆದರಿಕೆಯನ್ನೇ ನಂಬಿ ಬದುಕುವುದು ಗೋಡೆ, ಕಂಬಗಳ ಮೇಲಿನ 'ಗುಪ್ತ ರೋಗ' ಪೋಸ್ಟರುಗಳು. ಮಗ ಅವುಗಳನ್ನು ಓದುವ ಮುಂಚೆ ನೀವು ಹೇಳಿಬಿಡಿ. ಅಪ್ಪ ಹೇಳಲಿ, ಸೋದರಮಾವ ಹೇಳಲಿ. ಯಾರೂ ಇಲ್ಲವಾ? ಅಮ್ಮನೇ ಹೇಳಲಿ, ಏನೂ ತಪ್ಪಿಲ್ಲ.

ಕೆಲವು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ. ಗೆಳೆಯರು ಆಡಿಕೊಳ್ಳುತ್ತಾರೆ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು ಮಾತು ಪ್ರತಿ ಹುಡುಗನ ಕಿವಿಗೂ ಬೀಳಲೇಬೇಕು. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ, ಅದು ನಡುರಾತ್ರಿಯೇ ಆಗಲಿ, ಮನೆಯವರನ್ನು ಎಬ್ಬಿಸಿ ಹೇಳಬೇಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೃಷಣ ತಿರುಚಿಕೊಂಡು ರಕ್ತ ಹರಿಯುವುದು ನಿಂತಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಅದನ್ನು ಉಳಿಸುವ ಸಾಧ್ಯತೆ ಜಾಸ್ತಿ. ನಾಚಿಕೆಯಿಂದ 'ಹೊಟ್ಟೆ ನೋವು' ಅಂದುಕೊಂಡು ಬೆಳಗಿನವರೆಗೆ ಮಲಗಿದರೆ ಕಳೆದುಕೊಳ್ಳಬಹುದು. ಮೈಯ ಭಾಗಗಳ ಹೆಸರನ್ನು 'ಶೇಮ್ ಶೇಮ್' ಎನ್ನದೆ ಸರಿಯಾಗಿ ಕಲಿಸಿ ಅನ್ನುವುದು ಇದಕ್ಕೇ.

ಮುಟ್ಟಿನ ಬಗ್ಗೆಯೂ ಅವನಿಗೆ ಹೇಳಿ. ಮೆಡಿಕಲ್ ಶಾಪಿನಿಂದ ಅಕ್ಕನಿಗೆ ಪ್ಯಾಡ್ ತರಲು ಅವನನ್ನೇ ಕಳಿಸಿ.

ಲಸಿಕೆ

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷ ಒಳ್ಳೆಯ ಕಾಲ. ಎಷ್ಟು ಡೋಸ್ ಅಂತ ಡಾಕ್ಟರನ್ನು ಕೇಳಿ.

ಪ್ರೀತಿ, ಕಾನೂನು, ಕಷ್ಟ

18 ತುಂಬದವರ ಜೊತೆಗಿನ ಲೈಂಗಿಕ ಸಂಬಂಧ, ಇಬ್ಬರೂ ಒಪ್ಪಿದ್ದರೂ, 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಹುಡುಗ ಹುಡುಗಿ ಇಬ್ಬರಿಗೂ ಇದು ಗೊತ್ತಿರಲಿ. ಮುಟ್ಟು ನಿಂತಿದೆ ಅಂತ ಮಗಳು ಹೇಳಿದರೆ ಬೈಗುಳ ಆಮೇಲೆ, ಆಸ್ಪತ್ರೆ ಮೊದಲು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಗುಟ್ಟಾಗಿ ಕೊಡುವುದು ಜೀವಕ್ಕೇ ಅಪಾಯ. ಗರ್ಭಪಾತಕ್ಕೆ ಕಾನೂನಿನಲ್ಲೇ ದಾರಿಯಿದೆ. 18ರೊಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಯಾರೋ ಮುಟ್ಟಬಾರದ ಕಡೆ ಮುಟ್ಟಿದರು ಅಂತ ಮಗು ಹೇಳಿದರೆ ಮೊದಲ ಮಾತು ಇದಿರಲಿ: "ನಾನು ನಂಬ್ತೀನಿ. ನಿಂದೇನೂ ತಪ್ಪಿಲ್ಲ." ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಯೂನಿಫಾರ್ಮಿನಲ್ಲಿ ಬರುವಂತಿಲ್ಲ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಪ್ರಥಮ ಚಿಕಿತ್ಸೆಯನ್ನು ತಕ್ಷಣ ಉಚಿತವಾಗಿ ಕೊಡಬೇಕು.

ಡಾಕ್ಟರ ಹತ್ತಿರ

10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ನಡೆಯುತ್ತದೆ. ನಿಮ್ಮ ಹತ್ತಿರ ಎಲ್ಲಿದೆ, ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕ್ಲಿನಿಕ್ಕಿಗೆ ಹೋದಾಗ ಸ್ವಲ್ಪ ಹೊತ್ತು ನೀವು ಹೊರಗೆ ಕೂರಿ, ಮಗು ಒಬ್ಬನೇ ಅಥವಾ ಒಬ್ಬಳೇ ಡಾಕ್ಟರ ಜೊತೆ ಮಾತಾಡಲಿ. ಹೊರಗೆ ಬಂದ ಕೂಡಲೇ "ಏನು ಕೇಳಿದ್ರು, ನೀನೇನಂದೆ?" ಅಂತ ವಿಚಾರಣೆ ಬೇಡ. ತಾನಾಗಿ ಹೇಳಿದ್ದನ್ನು ಕೇಳಿಸಿಕೊಳ್ಳಿ, ಅದನ್ನು ಅತ್ತೆ ಚಿಕ್ಕಮ್ಮಂದಿರಿಗೆ ದಾಟಿಸಬೇಡಿ.