ಬಿಡುವಿಲ್ಲದವರು ನಿತ್ಯ ಬರೆಯುವುದು ಹೇಗೆ

ಬರೆಯಬೇಕೆಂಬ ಆಸೆಯಿರುವ ಉದ್ಯೋಗಸ್ಥರು ಸಾಮಾನ್ಯವಾಗಿ ಭಾನುವಾರವನ್ನು ನೆಚ್ಚಿಕೊಂಡಿರುತ್ತಾರೆ. ಆದರೆ ವಾರದ ಬಟ್ಟೆ, ನೆಂಟರ ಮನೆಯ ಗೃಹಪ್ರವೇಶ, ಮಕ್ಕಳ ಶಾಲೆಯ ಪ್ರಾಜೆಕ್ಟು ಎಲ್ಲವೂ ಅದೇ ಭಾನುವಾರಕ್ಕಾಗಿ ಕಾದು ಕುಳಿತಿರುತ್ತವೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು ಹೀಗೆ ಭಾನುವಾರಗಳನ್ನು ನಂಬಿ ಎರಡು ವರ್ಷಗಳಲ್ಲಿ ಬರೆದು ಮುಗಿಸಿದ್ದು ಒಂದೇ ಪ್ರಬಂಧ. ಆಮೇಲೆ ದಿನಕ್ಕೆ 20 ನಿಮಿಷದ ಪದ್ಧತಿಗೆ ಬಂದೆ.

ಬರೆಯುವ ಹೊತ್ತನ್ನು ಗಡಿಯಾರ ನೋಡಿ ಗೊತ್ತುಮಾಡುವುದಕ್ಕಿಂತ, ಮನೆಯಲ್ಲಿ ಪ್ರತಿದಿನ ತಪ್ಪದೆ ನಡೆಯುವ ಒಂದು ಕೆಲಸದ ಜೊತೆಗೆ ಹೊಂದಿಸಿಕೊಳ್ಳುವುದು ಮೇಲು. ನಮ್ಮ ಮನೆಯಲ್ಲಿ ಬೆಳಿಗ್ಗೆ ಕುಕ್ಕರ್ ಒಲೆಗೇರಿ, ಮೂರು ಸೀಟಿ ಹಾಕಿ, ಆವಿ ಇಳಿದು ಮುಚ್ಚಳ ತೆಗೆಯಲು ಬರುವಷ್ಟರಲ್ಲಿ ಹೆಚ್ಚುಕಡಿಮೆ 20 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಅಡುಗೆಕಟ್ಟೆಯ ಮೇಲೆ, ಅಕ್ಕಿ ಡಬ್ಬಿಯ ಪಕ್ಕದಲ್ಲಿ, ನನ್ನ ನೋಟ್‌ಬುಕ್ ತೆರೆದಿರುತ್ತದೆ. ಮಕ್ಕಳು ಪೆನ್ನನ್ನು ಒಯ್ಯಬಾರದೆಂದು ಬ್ಯಾಂಕಿನ ಕೌಂಟರಿನಲ್ಲಿರುವಂತೆ ಅದಕ್ಕೆ ದಾರ ಕಟ್ಟಿದ್ದೇನೆ. ಇದು ನಗೆಪಾಟಲಿನ ಏರ್ಪಾಡೆಂದು ಮನೆಯವರ ಅಭಿಪ್ರಾಯ, ಆದರೆ ಪೆನ್ನು ಹುಡುಕುವುದರಲ್ಲೇ ಐದು ನಿಮಿಷ ಕಳೆದರೆ ಉಳಿದ ಹದಿನೈದು ನಿಮಿಷಗಳೂ ಕೈಗೆ ಹತ್ತುವುದಿಲ್ಲ. ಮೊಬೈಲಿನಲ್ಲಿ ಬರೆಯುವುದನ್ನು ನಾನು ಬಿಟ್ಟುಬಿಟ್ಟೆ, ಏಕೆಂದರೆ ಅದನ್ನು ತೆರೆದ ಕೂಡಲೇ ವಾಟ್ಸಾಪ್ ಕರೆಯುತ್ತದೆ. ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಕೈಗೆ ಬಿಡುವಿಲ್ಲದವರಿಗೆ ಅನುಕೂಲವೇ ಸರಿ. ಒತ್ತಕ್ಷರಗಳನ್ನು ತಿದ್ದುವ ತಾಳ್ಮೆಯೂ ಜೊತೆಗಿರಬೇಕು.

ಇನ್ನು ಅಳತೆಯ ವಿಚಾರ. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದ ಕಾದಂಬರಿಕಾರ ಆಂಟನಿ ಟ್ರಾಲೊಪ್, ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಎದುರಿಗೆ ಗಡಿಯಾರವಿಟ್ಟುಕೊಂಡು, ಪ್ರತಿ ಕಾಲು ಗಂಟೆಗೆ 250 ಪದಗಳನ್ನು ಬರೆಯುವ ನಿಯಮ ಹಾಕಿಕೊಂಡಿದ್ದರು. ಆದರೆ ಅವರನ್ನು ಎಬ್ಬಿಸಿ ಕಾಫಿ ಕೊಡುವುದಕ್ಕೆಂದೇ ಒಬ್ಬ ಸೇವಕನಿದ್ದ. ಅದಕ್ಕಾಗಿ ಅವನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದರು. ನಾವು ಅಷ್ಟು ದೊಡ್ಡ ಸಂಖ್ಯೆ ಇಟ್ಟುಕೊಂಡರೆ ಮೂರನೆಯ ದಿನಕ್ಕೇ ಸೋಲುತ್ತೇವೆ. ಅಲ್ಲದೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ, ಇಂಗ್ಲಿಷಿನಲ್ಲಿ ಎರಡು ಮೂರು ಪದ ಬೇಡುವ ‘ಮನೆಯಲ್ಲಿ’ ನಮಗೆ ಒಂದೇ ಪದವಾಗುತ್ತದೆ. ಹಾಗಾಗಿ ದಿನಕ್ಕೆ 100 ಪದ ಧಾರಾಳವಾಗಿ ಸಾಕು. ವರ್ಷದಲ್ಲಿ 65 ದಿನ ತಪ್ಪಿದರೂ 30,000 ಪದಗಳಾಗುತ್ತವೆ.

ಬರೆಯಲು ಕುಳಿತ ಮೇಲೆ ಏನು ಬರೆಯಲಿ ಎಂದು ಯೋಚಿಸುವಂತಾಗಬಾರದು. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಮುಂದಿನ ಮಾತು ಏನೆಂಬುದು ಗೊತ್ತಿರುವಾಗಲೇ, ಸಾಧ್ಯವಾದರೆ ವಾಕ್ಯದ ನಡುವೆಯೇ, ಬರವಣಿಗೆಯನ್ನು ನಿಲ್ಲಿಸುವುದು. ಒಮ್ಮೆ ‘ಅಜ್ಜಿ ಹಿತ್ತಲ ಬಾಗಿಲು ತೆಗೆದಾಗ’ ಎಂಬಲ್ಲಿಗೆ ಕುಕ್ಕರಿನ ಮುಚ್ಚಳ ತೆಗೆಯುವ ಹೊತ್ತಾಯಿತು. ಅಂದು ಇಡೀ ದಿನ, ಗ್ರಾಹಕರ ಪಾಸ್‌ಬುಕ್ ಮುದ್ರಿಸುತ್ತಿರುವಾಗಲೂ, ಆ ಬಾಗಿಲು ಮನಸ್ಸಿನಲ್ಲಿ ತೆರೆದೇ ಇತ್ತು; ಮರುದಿನ ಕುಳಿತ ಕೂಡಲೇ ಹಿತ್ತಲಿನ ನುಗ್ಗೆಮರವೂ, ಅದಕ್ಕೆ ಕಟ್ಟಿದ್ದ ಕರುವೂ ಒಟ್ಟಿಗೇ ಬಂದವು. ವಾಕ್ಯ ಮುಗಿಸಿ ಎದ್ದಿದ್ದರೆ ಆ ಕರು ಬರುತ್ತಿತ್ತೋ ಇಲ್ಲವೋ.

ಬರೆದದ್ದನ್ನು ಆ 20 ನಿಮಿಷದಲ್ಲಿ ತಿದ್ದಲು ಹೋಗಬಾರದು. ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿರುವುದರಿಂದ ನಾನು ತಿದ್ದುವುದನ್ನು ಆ ದಿನಗಳಿಗೆ ಇಟ್ಟುಕೊಂಡಿದ್ದೇನೆ. ನೀವು ನಿಮ್ಮ ರಜೆಗೆ ಹೊಂದಿಸಿಕೊಳ್ಳಬಹುದು.

ಕೊನೆಯದಾಗಿ, ಲೆಕ್ಕ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ, ಲೀಟರಿನ ಕೆಳಗೆ, ಅಂದಿನ ಪದಗಳ ಸಂಖ್ಯೆಯನ್ನೂ ಬರೆಯುತ್ತೇನೆ. ಮನೆಯಲ್ಲಿ ಜ್ವರ ಬಂದಾಗ, ಊರಿಗೆ ಹೋದಾಗ ಕ್ಯಾಲೆಂಡರಿನ ಚೌಕ ಖಾಲಿ ಬಿದ್ದರೆ ಮರುದಿನ 200 ಪದ ಬರೆದು ಸರಿತೂಗಿಸಲು ಹೋಗುವುದಿಲ್ಲ, ಮತ್ತೆ 100 ಪದವೇ. ವರ್ಷಾಂತ್ಯದ ಲೆಕ್ಕ ಮುಗಿಸಿ ರಾತ್ರಿ ಹತ್ತಕ್ಕೆ ಮನೆ ಸೇರಿದ ಕಳೆದ ಮಾರ್ಚ್ 31ರ ಚೌಕದಲ್ಲಿ ಹಾಲು ಒಂದು ಲೀಟರ್ ಎಂದಿದೆ, ಅದರ ಕೆಳಗೆ 7 ಎಂದಿದೆ.