ಅಂಟು ಒಣಗುವ ಹೊತ್ತಿಗೆ ಅಂಗಳ ಚೊಕ್ಕಟ: ಮರಗೆಲಸದ ಹವ್ಯಾಸ, ವಾರದ ಮನೆಗೆಲಸ ಎರಡನ್ನೂ ನಡೆಸುವುದು ಹೇಗೆ?

ಹವ್ಯಾಸಕ್ಕೆಂದು ಮರಗೆಲಸ ಹಿಡಿದವರಲ್ಲಿ ಬಹಳಷ್ಟು ಮಂದಿ ಅದನ್ನು ಕೈಬಿಡುವುದು ಕೆಲಸ ಬಾರದೆ ಅಲ್ಲ, ಹೊತ್ತು ಸಾಲದೆ. ಶನಿವಾರ ಬಂತೆಂದರೆ ಟ್ಯಾಂಕ್ ನೋಡಬೇಕು, ಗಿಡಗಳ ಕಳೆ ಕೀಳಬೇಕು, ಟೆರೇಸ್ ಗುಡಿಸಬೇಕು. ಭಾನುವಾರ ತರಕಾರಿ, ಬಟ್ಟೆ, ನೆಂಟರು. ಅರ್ಧಕ್ಕೆ ನಿಂತ ಸ್ಟೂಲು ಮೆಟ್ಟಿಲಿನ ಕೆಳಗೆ ಹಾಗೇ ಉಳಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂರುವುದು ಇದಕ್ಕೆ ಪರಿಹಾರವಲ್ಲ. ಮನೆಯ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಗರಗಸ ಹಿಡಿಯುವುದಂತೂ ಖಂಡಿತ ಅಲ್ಲ. ಹಾಗೆ ಗಿಟ್ಟಿಸಿದ ಬಿಡುವು ಹೆಚ್ಚು ದಿನ ಬಾಳುವುದಿಲ್ಲ, ಬಾಳಲೂ ಬಾರದು.

ದಾರಿ ಮರಗೆಲಸದ ಸ್ವಭಾವದಲ್ಲೇ ಇದೆ. ಈ ಕೆಲಸದಲ್ಲಿ ಕೈ ಆಡುವ ಹೊತ್ತಿಗಿಂತ ಕಾಯುವ ಹೊತ್ತು ಹೆಚ್ಚು. ಅಂಟು ಹಿಡಿಯಬೇಕು, ಪಾಲಿಶ್ ಆರಬೇಕು, ಮರದ ಡಿಪೊದಿಂದ ತಂದ ಹಲಗೆ ಮನೆಯ ಹವೆಗೆ ಹೊಂದಿಕೊಳ್ಳಬೇಕು. ಮನೆ ಮತ್ತು ಅಂಗಳದ ಕೆಲಸಗಳನ್ನು ಆ ಕಾಯುವ ಹೊತ್ತಿಗೆ ಸರಿಯಾಗಿ ಕೂರಿಸುವುದನ್ನು ಕಲಿತರೆ ಸಾಕು. ಮೂವತ್ತು–ನಲವತ್ತರ ಸೈಟಿನಲ್ಲಿ ಕಾರು ನಿಲ್ಲಿಸುವ ಜಾಗವನ್ನೇ ಕಾರ್ಯಾಗಾರ ಮಾಡಿಕೊಂಡ ಬೆಂಗಳೂರಿನ ಮನೆಗಳಿಗೆ ಒಪ್ಪುವ ಹಾಗೆ ಇಲ್ಲಿ ಹಂತಗಳನ್ನು ಹೇಳಿದೆ.

ಮೊದಲ ಹಂತ: ತಪ್ಪಿಸಬಾರದ ಕೆಲಸಗಳನ್ನು ಬೇರೆ ಮಾಡಿ

ಶುಕ್ರವಾರ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ವಾರದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಬ್ಬರೇ ಬರೆದರೆ ತಮ್ಮ ಕಣ್ಣಿಗೆ ಬಿದ್ದ ಕೆಲಸಗಳಷ್ಟೇ ಪಟ್ಟಿಗೆ ಸೇರುತ್ತವೆ. ಬರೆದಾದ ಮೇಲೆ ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಈ ವಾರ ಇದನ್ನು ಬಿಟ್ಟರೆ ಏನಾಗುತ್ತದೆ?

ಫ್ಯಾನಿನ ರೆಕ್ಕೆ ಒರೆಸದಿದ್ದರೆ, ಜೇಡರ ಬಲೆ ತೆಗೆಯದಿದ್ದರೆ ಏನೂ ಮುಳುಗುವುದಿಲ್ಲ; ಮುಂದಿನ ವಾರ ಮಾಡಬಹುದು. ಹೂಕುಂಡದ ತಟ್ಟೆಯಲ್ಲಿ ನಿಂತ ನೀರು ಹಾಗಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಟು ಹಾರುವ ಹಂತಕ್ಕೆ ಬರಲು ನಮ್ಮ ಹವೆಯಲ್ಲಿ ಹೆಚ್ಚುಕಡಿಮೆ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ ಒಳಗೋಡೆಯನ್ನು ಉಜ್ಜಿದರೆ ಆ ಸರಣಿ ಕಡಿಯುತ್ತದೆ. ಒಂದು ವಾರ ತಪ್ಪಿತೆಂದರೆ ಒಂದು ತಲೆಮಾರಿನ ಸೊಳ್ಳೆಗಳೇ ಮನೆಯೊಳಗೆ ಬಂದಂತೆ. ಉಜ್ಜಬೇಕು ಎಂದದ್ದಕ್ಕೂ ಕಾರಣವಿದೆ. ಈ ಸೊಳ್ಳೆಯ ಮೊಟ್ಟೆಗಳು ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಟೆರೇಸಿನ ನೀರು ಹೋಗುವ ಕೊಳವೆಯ ಬಾಯಿಯೂ ಅಷ್ಟೇ. ಪಕ್ಕದಲ್ಲಿ ಹೊಂಗೆಯೋ ಮಳೆಮರವೋ ಇದ್ದರೆ ನಾಲ್ಕು ದಿನದ ಎಲೆ ಸಾಕು ಅದನ್ನು ಮುಚ್ಚಲು. ಏಪ್ರಿಲ್ ಸಂಜೆಯ ಒಂದು ಜೋರು ಮಳೆಗೆ ಟೆರೇಸಿನಲ್ಲಿ ನಿಂತ ನೀರು ಬಿರುಕು ಹುಡುಕಿಕೊಂಡು ಕೆಳಗಿಳಿಯುತ್ತದೆ. ಇಂಥ ಕೆಲಸಗಳ ಮುಂದೆ ಕೆಂಪು ಗುರುತು ಹಾಕಿ. ಸಾಮಾನ್ಯ ಮನೆಯಲ್ಲಿ ಅವು ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ. ಶನಿವಾರ ಬೆಳಗಿನ ತಂಪಿನಲ್ಲಿ, ಉಳಿ ಮುಟ್ಟುವ ಮೊದಲೇ, ಅವು ಮುಗಿಯಬೇಕು. ಈ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ನಾನು ಒಪ್ಪುವುದಿಲ್ಲ.

ಎರಡನೆಯ ಹಂತ: ಸದ್ದು, ದೂಳು, ನೀರು

ಉಳಿದ ಕೆಲಸಗಳ ಅನುಕ್ರಮವನ್ನು ಈ ಮೂರು ತೀರ್ಮಾನಿಸಲಿ. ದೂಳೇಳುವ ಕೆಲಸ ಮುಗಿದ ಮೇಲೆಯೇ ಕಸ ಗುಡಿಸಿ ನೆಲ ಒರೆಸಬೇಕು. ಬಟ್ಟೆ ಒಣಗಲು ಹಾಕಿದ ಜಾಗದ ಬಳಿ ಉಪ್ಪುಕಾಗದ ಉಜ್ಜಬಾರದು. ನೀರು ಹಾಯಿಸಿ ತೊಳೆದ ನೆಲದ ಮೇಲೆ ಹಲಗೆ ಮಲಗಿಸಬಾರದು. ಕೆಳಮುಖ ತೇವ ಹೀರಿ ಉಬ್ಬಿ, ಹಲಗೆ ದೋಣಿಯಂತೆ ಬಾಗುತ್ತದೆ.

ಸದ್ದಿಗೆ ಕಾನೂನಿನ ಮಿತಿಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ಉಳಿದ ಹೊತ್ತಿನಲ್ಲಿ 45. ವಿದ್ಯುತ್ ಗರಗಸದ ಸದ್ದು ಪಕ್ಕದಲ್ಲಿ ನಿಂತವರಿಗೆ 90 ಡೆಸಿಬೆಲ್ ದಾಟುತ್ತದೆ. ನಮ್ಮ ಬಡಾವಣೆಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಮೂರಡಿ ಓಣಿ. ಆಚೆ ಗೋಡೆಗೆ ತಾಗಿ ಯಾರೋ ಹಿರಿಯರು ಮಧ್ಯಾಹ್ನ ಮಲಗಿರುತ್ತಾರೆ. ಯಂತ್ರದ ಕೆಲಸವೆಲ್ಲ ಬೆಳಿಗ್ಗೆ 10ರಿಂದ 12ರೊಳಗೆ ಒಟ್ಟಿಗೆ ಮುಗಿಯಲಿ. ಉಳಿ, ಹತ್ತರಿ (ಮರದ ಮೈಯನ್ನು ತೆಳ್ಳಗೆ ಹೆರೆದು ನಯ ಮಾಡುವ ಉಪಕರಣ), ಕೈಗರಗಸದ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳಿ. ಪತ್ರಿಕೆಯಲ್ಲಿ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿ, ಕರೆಂಟಿಲ್ಲದ ದಿನವನ್ನು ಕೈ ಉಪಕರಣಗಳಿಗೇ ಮೀಸಲಿಡುವುದೂ ಒಳ್ಳೆಯದು.

ಸದ್ದನ್ನು ಇನ್ನೂ ತಗ್ಗಿಸಬೇಕೆಂದರೆ ಉದ್ದುದ್ದ ಸೀಳುವ ಕೆಲಸವನ್ನು ಮನೆಗೆ ತರಲೇಬೇಡಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಸುತ್ತಮುತ್ತ ಮರ ಸೀಳಿ, ಯಂತ್ರದಲ್ಲಿ ಹತ್ತರಿ ಹೊಡೆದು ಕೊಡುವವರಿದ್ದಾರೆ. ಅಳತೆಯ ಚೀಟಿ ಒಯ್ದರೆ ನಿಮ್ಮ ಅರ್ಧ ದಿನದ ದೂಳು ಅಲ್ಲೇ ಉಳಿಯುತ್ತದೆ.

ಮೂರನೆಯ ಹಂತ: ಒಂದು ಮಣೆಯ ಲೆಕ್ಕ

ಉದಾಹರಣೆಗೆ ಹಲಸಿನ ಮರದ ಒಂದು ಮಣೆಯನ್ನು ತೆಗೆದುಕೊಳ್ಳೋಣ. ಆರಿಂಚು ಅಗಲದ ಎರಡು ಹಲಗೆಗಳನ್ನು ಪಕ್ಕಕ್ಕೆ ಪಕ್ಕ ಅಂಟಿಸಿ, ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟರೆ ಮಣೆಯಾಯಿತು. ಸಣ್ಣ ಕೆಲಸವೇ. ಆದರೆ ಇದರಲ್ಲಿ ಬರುವ ಕಾಯುವಿಕೆಗಳನ್ನು ಗಮನಿಸಿ.

ಮೊದಲ ಶನಿವಾರ ಹಲಗೆ ತಂದು ನೆರಳಿನಲ್ಲಿ, ಗಾಳಿಯಾಡುವ ಹಾಗೆ, ನಡುವೆ ಸಣ್ಣ ಪಟ್ಟಿಗಳನ್ನಿಟ್ಟು ಪೇರಿಸಿ. ಮಣ್ಣಿನ ಮೇಲೆ ಬೇಡ. ಅಂಗಳದ ಗೆದ್ದಲಿಗೆ ಅಷ್ಟೇ ಆಹ್ವಾನ ಸಾಕು. ಇಟ್ಟಿಗೆಯ ಮೇಲೆ ಎತ್ತಿಡಿ. ಒಂದೆರಡು ವಾರ ಅದರ ಪಾಡಿಗೆ ಅದು ಇರಲಿ. ಈ ಅವಧಿ ಪೂರ್ತಿ ಮನೆಗೆಲಸಕ್ಕೆ ಸೇರಿದ್ದು: ಸಂಪ್ ತೊಳೆಸುವುದು, ಅಟ್ಟ ಹಸನು ಮಾಡುವುದು, ಕುಂಡಗಳ ಮಣ್ಣು ಬದಲಿಸುವುದು. ದೊಡ್ಡ ಮನೆಗೆಲಸ ಇರುವ ವಾರಕ್ಕೇ ಮರ ಕೊಳ್ಳುವುದನ್ನು ಇಟ್ಟುಕೊಂಡರೆ ಕಾಯುವುದು ಕಷ್ಟವೆನಿಸುವುದಿಲ್ಲ.

ಅಂಟಿಸುವ ದಿನ, ಎರಡು ಹಲಗೆಗಳ ಅಂಚನ್ನು ಹತ್ತರಿಯಿಂದ ನೇರ ಮಾಡಿ, ಒಂದರ ಮೇಲೊಂದು ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಕಂಡರೆ ಅಂಚುಗಳು ಇನ್ನೂ ಕೂಡಿಲ್ಲ. ಕಂಡ ಕಡೆಯಲ್ಲ, ತಾಗುತ್ತಿರುವ ಕಡೆ ತೆಳ್ಳಗೆ ತೆಗೆಯಬೇಕು. ಬೆಳಕು ಮಾಯವಾದ ಮೇಲೆ ಬಿಳಿ ಅಂಟನ್ನು ತೆಳುವಾಗಿ ಬಳಿದು, ಹಲಗೆಗಳನ್ನು ಒತ್ತಿ ಹಿಡಿಯುವ ಕ್ಲಾಂಪ್ ಬಿಗಿಯಿರಿ. ಜೋಡಣೆಯ ಉದ್ದಕ್ಕೂ ಸಾಸಿವೆ ಗಾತ್ರದ ಹನಿಗಳು ಸಾಲಾಗಿ ಹೊರಬಂದರೆ ಬಿಗಿ ಸರಿಯಾಗಿದೆ ಎಂದರ್ಥ. ಹರಿದು ಸುರಿದರೆ ಅಂಟು ಹೆಚ್ಚಾಯಿತು. ಏನೂ ಬರದಿದ್ದರೆ ಕಡಿಮೆಯಾಯಿತು.

ಈಗ ಕೈ ತಡೆಯಬೇಕು. ಆ ಹನಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ನೀರಾದ ಅಂಟು ಮರದ ರಂಧ್ರಗಳಿಗೆ ಇಳಿದು, ಮುಂದೆ ಪಾಲಿಶ್ ಹಾಕಿದಾಗ ಅಲ್ಲಿ ಬಿಳಿಚಿದ ಕಲೆ ಏಳುತ್ತದೆ. ಅರ್ಧ ಗಂಟೆ ಬಿಡಿ. ಆ ಅರ್ಧ ಗಂಟೆಯಲ್ಲಿ ಗಿಡಗಳಿಗೆ ನೀರು ಹಾಕಿ, ಗೇಟಿನ ಮುಂದೆ ಬಿದ್ದ ಎಲೆ ಬಾಚಿ ಬನ್ನಿ. ಅಷ್ಟರಲ್ಲಿ ಅಂಟು ರಬ್ಬರಿನಂತಾಗಿ, ಹಳೆಯ ಉಳಿಯಿಂದ ಮೆಲ್ಲನೆ ಎಬ್ಬಿಸಿದರೆ ಪಟ್ಟಿಯಾಗಿ ಏಳುತ್ತದೆ. ಆಮೇಲೆ ಇಡೀ ದಿನ ಅದನ್ನು ಮುಟ್ಟುವಂತಿಲ್ಲ. ಬಿಳಿ ಅಂಟು ಪೂರ್ಣ ಬಲಕ್ಕೆ ಬರಲು 24 ಗಂಟೆ ಬೇಕು. ಶನಿವಾರ ಮಧ್ಯಾಹ್ನದೊಳಗೆ ಅಂಟಿಸಿ, ಭಾನುವಾರ ಮಧ್ಯಾಹ್ನದವರೆಗೆ ಮನೆಯ ಕೆಲಸ ಮಾಡಿ: ಬಚ್ಚಲು, ಫ್ರಿಡ್ಜ್, ಮಾರುಕಟ್ಟೆ, ಅಡುಗೆ ಎಲ್ಲಕ್ಕೂ ಧಾರಾಳ ಹೊತ್ತಿದೆ.

ಅಡ್ಡಪಟ್ಟಿಗಳ ವಿಷಯದಲ್ಲಿ ಒಂದು ಎಚ್ಚರ. ಮರ ತನ್ನ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಹಿಗ್ಗಿ ಕುಗ್ಗುವುದು ಹೆಚ್ಚು. ಪಟ್ಟಿಯನ್ನು ಅಂಟಿಸಿ ಬಿಗಿದುಬಿಟ್ಟರೆ ಫೆಬ್ರುವರಿ–ಮಾರ್ಚಿನ ಒಣಹವೆಗೆ ಮಣೆ ಕುಗ್ಗಲು ಹೋಗಿ, ದಾರಿಯಿಲ್ಲದೆ ಸೀಳುತ್ತದೆ. ಪಟ್ಟಿಯ ನಡುವಿನ ಒಂದು ಸ್ಕ್ರೂ ಮಾತ್ರ ಬಿಗಿಯಾಗಿರಲಿ. ಅಂಚಿನ ಸ್ಕ್ರೂಗಳಿಗೆ ಪಟ್ಟಿಯಲ್ಲಿ ಉದ್ದುದ್ದ ತೂತು ಮಾಡಿ, ಅಂಟಿಲ್ಲದೆ ಕೂರಿಸಿ. ಮಣೆಗೆ ಉಸಿರಾಡಲು ಜಾಗವಿರುತ್ತದೆ.

ಪಾಲಿಶನ್ನು ಮುಂದಿನ ವಾರದ ಭಾನುವಾರ ಬೆಳಿಗ್ಗೆ, ಹಿಂದಿನ ದಿನದ ದೂಳು ಪೂರ್ತಿ ಕೂತ ಮೇಲೆ ಹಚ್ಚಿ. ಸಂಜೆ ದೀಪದಡಿ ಬೇಡವೇ ಬೇಡ. ಮೊದಲ ಮಳೆಯ ದಿನಗಳಲ್ಲಿ ಈಸಲು ಹುಳುಗಳು ಬೆಳಕಿಗೆ ಮುತ್ತಿ, ರೆಕ್ಕೆ ಸಮೇತ ಹಸಿ ಪಾಲಿಶಿಗೆ ಅಂಟುತ್ತವೆ. ಜಡಿಮಳೆಯ ದಿನ ಅರಗಿನ ಪಾಲಿಶ್ ಹಚ್ಚಿದರೆ ಹವೆಯ ತೇವ ಸೇರಿ ಮೇಲ್ಮೈ ಬೆಳ್ಳಗಾಗುತ್ತದೆ.

ನಾಲ್ಕನೆಯ ಹಂತ: ಹೊಟ್ಟು, ಚಿಂದಿ

ಹತ್ತರಿಯಿಂದ ಬಂದ ಸುರುಳಿ, ಗರಗಸದ ಹೊಟ್ಟು ಅಂಗಳಕ್ಕೆ ಉಪಕಾರಿ. ಅಡುಗೆಮನೆಯ ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರು ಪ್ರತಿ ಪದರದ ಮೇಲೆ ಹೊಟ್ಟು, ತರಗೆಲೆ ಬೆರೆಸಿ ಹರಡಿದರೆ ನೀರು ಹೀರಿ ವಾಸನೆ ತಡೆಯುತ್ತದೆ. ಹೊಟ್ಟನ್ನೊಂದೇ ಹಾಕಿದರೆ ಗಟ್ಟಿಯಾಗಿ ಗಾಳಿ ಆಡುವುದಿಲ್ಲ. ಗಿಡದ ಬುಡದ ಮಣ್ಣಿಗೆ ಹಸಿ ಹೊಟ್ಟನ್ನು ಕಲಸಬೇಡಿ; ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಎಲೆ ಹಳದಿಯಾಗುತ್ತದೆ. ಪ್ಲೈವುಡ್, ಎಂ.ಡಿ.ಎಫ್. (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಪುಡಿಯಲ್ಲಿ ರಾಸಾಯನಿಕ ಅಂಟು ಇರುವುದರಿಂದ ಗೊಬ್ಬರಕ್ಕೆ ಬರುವುದಿಲ್ಲ. ಅದನ್ನು ಚೀಲದಲ್ಲಿ ಕಟ್ಟಿ ಕಸದ ಆಟೊಗೆ ಬೇರೆಯಾಗಿಯೇ ಕೊಡಿ. ಎಲೆಯನ್ನಾಗಲಿ ಹೊಟ್ಟನ್ನಾಗಲಿ ಸುಡಬೇಡಿ. ನಗರದಲ್ಲಿ ಅದು ನಿಷಿದ್ಧ.

ಮರದ ದೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜುವಾಗ ಎನ್–95 ಮಾಸ್ಕ್ ಧರಿಸಿ. ಉಜ್ಜಿದ ಬಟ್ಟೆಯಲ್ಲೇ ಅಡುಗೆಮನೆಗೆ ಹೋಗುವುದು, ಮಗುವನ್ನು ಎತ್ತಿಕೊಳ್ಳುವುದು ಬೇಡ.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯ ಚೂರುಗಳ ಬಗ್ಗೆ ವಿಶೇಷ ಜಾಗ್ರತೆ ಬೇಕು. ಈ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕದೊಂದಿಗೆ ಸೇರಿ. ಆಗ ಬಿಸಿ ಹುಟ್ಟುತ್ತದೆ. ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಪಕ್ಕದಲ್ಲಿ ಹೊಟ್ಟಿನ ರಾಶಿಯೂ ಇದ್ದರೆ ಹೇಳಬೇಕಾಗಿಲ್ಲ. ಕೆಲಸ ಮುಗಿದ ಕೂಡಲೇ ಚಿಂದಿಯನ್ನು ನೀರಿನಲ್ಲಿ ಅದ್ದಿಡಿ, ಇಲ್ಲವೇ ಬಯಲಿನಲ್ಲಿ ಒಂದೊಂದಾಗಿ ಹರಡಿ ಪೂರ್ತಿ ಒಣಗಲು ಬಿಡಿ. ಕೈ ತೊಳೆಯುವುದಕ್ಕಿಂತ ಮೊದಲಿನ ಕೆಲಸ ಇದು.

ಐದನೆಯ ಹಂತ: ವಾರದ ನಡುವಿನ ಕಾಲು ಗಂಟೆ

ಕಚೇರಿಯಿಂದ ಬಂದ ಮೇಲೆ ಹೊಸ ಕೆಲಸ ಹಚ್ಚಿಕೊಳ್ಳಬೇಡಿ. ಉಳಿಯನ್ನು ಸಾಣೆಕಲ್ಲಿನ ಮೇಲೆ ಹರಿತ ಮಾಡಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಇಡುವುದು, ಅಳತೆ ಬರೆಯುವುದು, ಸ್ಕ್ರೂ ಎಣಿಸಿ ಡಬ್ಬಿಗೆ ಹಾಕುವುದು: ಇಷ್ಟು ಸಾಕು. ಶನಿವಾರ ಬೆಳಿಗ್ಗೆ ಉಪಕರಣ ಹುಡುಕುತ್ತಾ ಕಳೆಯುವ ಒಂದು ಗಂಟೆ ಹೀಗೆ ಉಳಿಯುತ್ತದೆ.

ಕಾಲಕ್ಕೆ ತಕ್ಕ ಕೆಲಸ

ಬೆಂಗಳೂರಿನಲ್ಲಿ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೆಚ್ಚು. ಆ ತಿಂಗಳುಗಳಲ್ಲಿ ಕಳೆ, ಚರಂಡಿ, ಸೊಳ್ಳೆಯ ಕೆಲಸವೇ ಬೇಕಾದಷ್ಟಿರುತ್ತದೆ. ಮರಗೆಲಸವನ್ನು ಸಣ್ಣಪುಟ್ಟ ರಿಪೇರಿಗೆ ಇಳಿಸಿ. ಆಯುಧಪೂಜೆಯೂ ಆಗಲೇ ಬರುವುದರಿಂದ ಹತ್ತರಿ ಬಿಚ್ಚಿ, ತುಕ್ಕು ತೆಗೆದು, ಹಿಡಿ ಸಡಿಲವಾಗಿದ್ದರೆ ಸರಿಪಡಿಸಿಕೊಳ್ಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಂಗಳದ ಕೆಲಸ ಹಗುರ, ಹವೆ ಒಣ. ದೊಡ್ಡ ಕಪಾಟು, ಮೇಜು ಏನಿದ್ದರೂ ಆಗ ಹಿಡಿಯಿರಿ.

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ತಾಗತೊಡಗಿದರೆ ಮನೆಯವರೆಲ್ಲರ ಕಣ್ಣು ನಿಮ್ಮ ಹತ್ತರಿಯ ಮೇಲೆಯೇ ಇರುತ್ತದೆ. ಆಗಲೇ ಕೆತ್ತಿದರೆ ಬೇಸಿಗೆಯಲ್ಲಿ ಬಾಗಿಲು ಕುಗ್ಗಿ ಸಂದು ಬಿಡುತ್ತದೆ. ತಾಗುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ, ಸದ್ಯಕ್ಕೆ ಮೇಣ ಉಜ್ಜಿಡಿ. ಜನವರಿಯಲ್ಲೂ ತಾಗುತ್ತಿದ್ದರೆ ಮಾತ್ರ ಗುರುತಿದ್ದಷ್ಟನ್ನು ಹತ್ತರಿಯಿಂದ ತೆಗೆಯಿರಿ. ಕೆತ್ತಿದರೂ ಕೆತ್ತದಿದ್ದರೂ ಆಗ ಬಾಗಿಲು ಕಳಚಿ, ಬಣ್ಣ ಕಾಣದೇ ಉಳಿದಿರುವ ಮೇಲಂಚು ಕೆಳಂಚುಗಳಿಗೂ ಎರಡು ಕೈ ಪಾಲಿಶ್ ಹೊಡೆದು ಮತ್ತೆ ಕೂರಿಸಿ. ತೇವ ಒಳನುಗ್ಗುವುದು ಬಹುಪಾಲು ಆ ಅಂಚುಗಳಿಂದಲೇ.