ಅಗೆಯುವುದನ್ನು ಬಿಟ್ಟ ಮೇಲೆ

ಮನೆಗಳ ನಡುವೆ ಖಾಲಿ ಬಿದ್ದಿದ್ದ ಒಂದು ನಿವೇಶನದಲ್ಲಿ ನಾನು ತರಕಾರಿ ಬೆಳೆಯುತ್ತೇನೆ. ಮೊದಲ ದಿನ ಗುದ್ದಲಿ ಹಾಕಿದಾಗ ಸಿಕ್ಕಿದ್ದು ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಹಳೆ ಗೋಡೆಗಳಿಂದ ಉದುರಿದ ಬಣ್ಣದಲ್ಲಿ ಸೀಸ ಇರಬಹುದು, ಮಣ್ಣಿಗೆ ಸೇರಿದರೆ ಅದು ತಾನಾಗಿ ಹೋಗುವುದಿಲ್ಲ. ಹಾಗಾಗಿ ಬೀಜ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಪೇಟೆಯ ಜಾಗದಲ್ಲಿ ಇದನ್ನು ಯಾರೂ ತಪ್ಪಿಸಬಾರದು.

ಆಮೇಲೆ ಎರಡೂ ಬದಿ ತೆರೆದ ಒಂದು ತಗಡಿನ ಡಬ್ಬಿಯನ್ನು ನೆಲಕ್ಕೆ ಒತ್ತಿ ನೀರು ಸುರಿದೆ. ಒಂದು ಗಂಟೆಯಾದರೂ ನೀರು ನಿಂತೇ ಇತ್ತು. ಅಗೆದರೆ ಸರಿಹೋಗುತ್ತದೆ ಅಂದುಕೊಂಡು ಅಗೆದೆ. ನಾಲ್ಕು ಮಳೆಗೆ ಮಣ್ಣು ಮತ್ತೆ ಹೆಪ್ಪುಗಟ್ಟಿತು.

ಮರುವರ್ಷ ಗುದ್ದಲಿ ಮುಟ್ಟಲಿಲ್ಲ. ಕಳೆಯ ಮೇಲೆಯೇ ರಟ್ಟು ಹಾಸಿ ನೆನೆಸಿ, ಅದರ ಮೇಲೆ ಒಂದು ಗೇಣು ಕಾಂಪೋಸ್ಟ್ ಹರಡಿ ಸಸಿ ನೆಟ್ಟೆ. ಕಾಂಪೋಸ್ಟ್ ಅಕ್ಕಪಕ್ಕದ ಮನೆಗಳ ಹಸಿ ಕಸದ್ದೇ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ ಹಾಕಿದರೆ ವಾಸನೆ ಬರುವುದಿಲ್ಲ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಕೆಲವು ದಿನ ನಿಂತರೆ ಕಳೆಬೀಜವೂ ಬಹುಪಾಲು ಸಾಯುತ್ತದೆ.

ಒಂದು ಮಡಿಗೆ ಮಾತ್ರ ಮರದ ಹೊಟ್ಟನ್ನು ಮಣ್ಣಿಗೆ ಕಲಸಿಬಿಟ್ಟೆ. ಹದಿನೈದೇ ದಿನಕ್ಕೆ ಸೊಪ್ಪೆಲ್ಲ ಹಳದಿ. ಹೊಟ್ಟು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾವೇ ಹೀರಿಕೊಂಡಿದ್ದವು. ಅದೇ ಹೊಟ್ಟನ್ನು ಈಗ ಹೊದಿಕೆಯಾಗಿ ಮೇಲೆ ಮಾತ್ರ ಹರಡುತ್ತೇನೆ, ತೊಂದರೆಯಾಗಿಲ್ಲ.

ನನಗೆ ತುಂಬ ಇಷ್ಟವಾದ ಕೆಲಸ ಬೆಳೆ ಮುಗಿದಾಗಿನದು. ಗಿಡ ಕೀಳುವುದಿಲ್ಲ. ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಅಲ್ಲೇ ಬಿಡುತ್ತೇನೆ. ಬೇರು ಕೊಳೆತು ಉಳಿಯುವ ಸಂದುಗಳೇ ನೀರಿಗೂ ಗಾಳಿಗೂ ದಾರಿ. ಎರಡು ಬೆಳೆಗಳ ನಡುವೆ ಅಲಸಂದೆ ಚೆಲ್ಲುತ್ತೇನೆ. ಹೂ ಬಿಡುವ ಹೊತ್ತಿಗೆ ಒಂದೇ ಒಂದು ಗಿಡವನ್ನು ಬೇರುಸಮೇತ ಎಬ್ಬಿಸಿ, ಬೇರಿನ ಗಂಟೊಂದನ್ನು ಉಗುರಲ್ಲಿ ಸೀಳಿ ನೋಡುತ್ತೇನೆ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆಯುತ್ತಿದೆ ಎಂದರ್ಥ. ಬೆರಳಿಂದ ಉಜ್ಜಿದರೆ ಗಂಟು ಕಳಚಿ ಬರಬೇಕು. ಬೇರೇ ಊದಿಕೊಂಡಂತಿದ್ದು ಬಿಡಿಸಲು ಬಾರದಿದ್ದರೆ ಅದು ಬೇರಿಗೆ ಹೊಕ್ಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಕಾಟ. ಟೊಮೇಟೊಗೂ ಅದು ತಗಲುತ್ತದೆ, ಹಾಗಾಗಿ ಆ ಮಡಿಗೆ ಮುಂದೆ ಟೊಮೇಟೊ ಹಾಕುವುದಿಲ್ಲ.

ಮೂರನೇ ವರ್ಷ ಅದೇ ಡಬ್ಬಿಯನ್ನು ಮಡಿಯಲ್ಲಿ ಒತ್ತಿ ನೀರು ಸುರಿದೆ. ಐದು ನಿಮಿಷಕ್ಕೆ ಇಂಗಿತು. ಪಕ್ಕದಲ್ಲೇ ನಾವು ಓಡಾಡುವ ದಾರಿಯಲ್ಲಿ ಇಟ್ಟರೆ ನೀರು ಇವತ್ತಿಗೂ ನಿಂತೇ ಇರುತ್ತದೆ. ಅದಕ್ಕೇ ಮಡಿಗಳು 75 ಸೆಂ.ಮೀ. ಅಗಲ ಅಷ್ಟೆ. ಎರಡೂ ಕಡೆಯಿಂದ ಕೈ ಎಟುಕುತ್ತದೆ, ಒಳಗೆ ಕಾಲಿಡಬೇಕಾಗಿಲ್ಲ.